ಗಿಟಾರಿನ ಅಂಕಿಯೂ ಅದರ ವಯಸ್ಸೂ

(ಸಂಘದ ವಾರ್ಷಿಕೋತ್ಸವದಂದು ಹಿಂದೂಪುರದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ಮುಖ್ಯೋಪಾಧ್ಯಾಯರು ಶಿಸ್ತಿನ ವಿಷಯವನ್ನೋ ಪರೀಕ್ಷೆಯ ವಿಷಯವನ್ನೋ ಮಾತನಾಡುವುದು ವಾಡಿಕೆ. ನಾವು ಇಂದು ವಿದ್ಯುತ್ ಗಿಟಾರಿನ ವಿಷಯವನ್ನು ಎತ್ತಿಕೊಂಡಿದ್ದೇವೆ ಎಂದು ಕೇಳಿ ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ಕಾಣುತ್ತಿದೆ. ನಗಲಿ. ನಮ್ಮ ಬೆರಳುಗಳಿಗೆ ಸೀಮೆಸುಣ್ಣದ ಹೊರತು ಬೇರೆ ವಾದ್ಯ ಗೊತ್ತಿಲ್ಲವೆಂಬುದು ನಿಜ. ಆದರೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ದೆಸೆಯಿಂದ ಈ ವಾದ್ಯದ ಮೈಮೇಲೆ ಬರೆದಿರುವ ಕ್ರಮಸಂಖ್ಯೆಯನ್ನು ಓದುವ ವಿದ್ಯೆಯನ್ನು ನಾವು ಸ್ವಲ್ಪ ಕಲಿಯಬೇಕಾಗಿ ಬಂದಿತು. ಕಲಿತ ಮೇಲೆ, ಇದು ಗಿಟಾರಿಗೆ ಮಾತ್ರ ಸಂಬಂಧಿಸಿದ ವಿದ್ಯೆಯಲ್ಲವೆಂದು ತೋರಿತು. ಆದುದರಿಂದ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ.

ಆ ಹುಡುಗನ ಊರು ಕಲ್ಯಾಣದುರ್ಗದ ಬಳಿಯದು. ತಂದೆ ಕಡಲೆಕಾಯಿ ಬೆಳೆಯುವವರು. ಹುಡುಗ ಇಲ್ಲಿ ಹಿಂದೂಪುರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲಿ ಓದಿದನು. ಓದಿನಲ್ಲಿ ಸಾಮಾನ್ಯ, ಸಂಗೀತದಲ್ಲಿ ಮಾತ್ರ ಮುಂದು. ಮುಂದೆ ಮದುವೆ ಮುಂಜಿಗಳಲ್ಲಿ ಹಾಡುವ ಒಂದು ಆರ್ಕೆಸ್ಟ್ರಾ ಸೇರಿ ಗಿಟಾರ್ ನುಡಿಸತೊಡಗಿದನು. ಬಾಡಿಗೆಯ ವಾದ್ಯದಲ್ಲಿ ಎಷ್ಟು ದಿನ ನುಡಿಸುವುದೆಂದು, ತಾಯಿಯ ಬಳೆಗಳನ್ನು ಒತ್ತೆಯಿಟ್ಟು, ೬೫ ಸಾವಿರ ರೂಪಾಯಿ ಕೊಟ್ಟು, ದೊಡ್ಡ ಪಟ್ಟಣವೊಂದರಲ್ಲಿ ಒಬ್ಬ ವ್ಯಾಪಾರಿಯಿಂದ ಹಳೆಯ ಫೆಂಡರ್ ಗಿಟಾರೊಂದನ್ನು ಕೊಂಡು ತಂದನು. ವ್ಯಾಪಾರಿ ಅದರ ತಲೆಭಾಗದಲ್ಲಿದ್ದ ಸಂಖ್ಯೆಯನ್ನು ತೋರಿಸಿ, 'ನೋಡು, ಎನ್ ೮ ಎಂದಿದೆ; ಅಮೆರಿಕದಲ್ಲಿ ೧೯೯೮ರಲ್ಲಿ ತಯಾರಾದದ್ದು' ಎಂದು ಹೇಳಿದ್ದನಂತೆ. ಹುಡುಗ ನಂಬಿದನು. ಏಕೆ ನಂಬಬಾರದು? ಸಂಖ್ಯೆ ಕಣ್ಣಿಗೆ ಕಾಣುತ್ತಿತ್ತು.

ಕೆಲವು ತಿಂಗಳ ಮೇಲೆ ಮಳೆಗಾಲದ ಒಂದು ಸಂಜೆ ಅವನು ಆ ಪೆಟ್ಟಿಗೆಯನ್ನು ಹೊತ್ತು ನಮ್ಮ ಮನೆಗೆ ಬಂದನು. ಮುಖ ಬಾಡಿತ್ತು. 'ಸಾರ್, ನೀವು ಹೇಮಾವತಿಗೆ ಕರೆದುಕೊಂಡು ಹೋಗಿ ಕಲ್ಲಿನ ಅಕ್ಷರ ಓದುವುದನ್ನು ತೋರಿಸಿದ್ದಿರಿ. ಇದನ್ನೂ ಒಮ್ಮೆ ನೋಡಿ' ಎಂದನು. ಜೊತೆಯ ವಾದಕನೊಬ್ಬನು ಇದು ಅಮೆರಿಕದ್ದಲ್ಲವೆಂದು ಸಂಶಯ ಹುಟ್ಟಿಸಿದ್ದನು. ಆ ಸಂಜೆ ಏನಾಯಿತೆಂಬುದನ್ನು ಹೇಳುವ ಮೊದಲು ಈ ವಾದ್ಯವೆಂದರೇನು, ಅದರ ಸಂಖ್ಯೆಯೆಂದರೇನು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು.

ವೀಣೆಯಲ್ಲಿ ತಂತಿಯ ಕಂಪನವನ್ನು ಮರದ ಕೊಡ ದೊಡ್ಡದು ಮಾಡುತ್ತದೆ. ವಿದ್ಯುತ್ ಗಿಟಾರಿನಲ್ಲಿ ಆ ಕೊಡವಿಲ್ಲ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳಿರುತ್ತವೆ. ಅವುಗಳ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ತಂತಿ ಅದುರಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ೧೮೩೧ರಲ್ಲಿ ಫ್ಯಾರಡೆ ಮಹಾಶಯನು ಕಂಡುಹಿಡಿದ ತತ್ತ್ವವೇ ಇದು. ಹತ್ತನೆಯ ತರಗತಿಯವರು ಓದಿದ್ದಾರೆ. ಆ ಪ್ರವಾಹವನ್ನು ಯಂತ್ರದಿಂದ ಬಲಪಡಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತಾರೆ. ಇದು ಪರದೇಶದ ವಾದ್ಯ, ನಮಗೇಕೆ ಎನ್ನುವವರಿಗೆ ಒಂದು ಮಾತು: ನಮ್ಮ ರಾಜ್ಯದ ಪಾಲಕೊಲ್ಲಿನಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಅವರು ಇದರ ಒಡಹುಟ್ಟಿದಂತಿರುವ ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ ಲೋಕಪ್ರಸಿದ್ಧರಾದರು. ವಾದ್ಯಕ್ಕೆ ದೇಶದ ಕಟ್ಟಿಲ್ಲ.

ಮಾರಾಟಕ್ಕೆಂದು ತಯಾರಾದ ಮೊದಲ ವಿದ್ಯುತ್ ಗಿಟಾರನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಎಂಬವರು ೧೯೩೦ರ ದಶಕದ ಆರಂಭದಲ್ಲಿ ಹೊರತಂದರು. ಅಲ್ಯೂಮಿನಿಯಮ್ಮಿನ ಆ ವಾದ್ಯವು ನೋಡಲು ಹಿಡಿಯುಳ್ಳ ಬಾಣಲೆಯಂತಿತ್ತು. ಜನರು ಅದನ್ನು ಬಾಣಲೆಯೆಂದೇ ಕರೆದರು. ಮುಂದೆ ಅದೇ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೊ ಫೆಂಡರ್ ಎಂಬವರು ಇಡಿಯ ಮರದ ಹಲಗೆಯಿಂದ ಗಿಟಾರುಗಳನ್ನು ಮಾಡಿದರು. ಟೆಲಿಕಾಸ್ಟರ್ ಎಂಬ ಹೆಸರು ೧೯೫೧ರಲ್ಲಿ ಬಂದಿತು, ಸ್ಟ್ರಾಟೊಕಾಸ್ಟರ್ ೧೯೫೪ರಲ್ಲಿ. ಮಿಷಿಗನ್ನಿನ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯವರು ೧೯೫೨ರಲ್ಲಿ ಲೆಸ್ ಪಾಲ್ ಎಂಬ ಮಾದರಿಯನ್ನು ಹೊರಡಿಸಿದರು. ಈ ಮಾದರಿಗಳನ್ನು ಇಂದಿಗೂ ತಯಾರಿಸುತ್ತಾರೆ. ಆದುದರಿಂದ ರೂಪವನ್ನು ನೋಡಿ ವಯಸ್ಸು ಹೇಳುವುದು ಕಷ್ಟ. ಆದರೆ ಬೆಲೆಯ ಅಂತರವು ಅಗಾಧ: ಐವತ್ತರ ದಶಕದ ಒಂದು ವಾದ್ಯದ ಬೆಲೆಯಲ್ಲಿ ಇಂದು ಒಂದು ಮನೆಯನ್ನೇ ಕಟ್ಟಬಹುದು. ಆದ್ದರಿಂದಲೇ ಕೊಳ್ಳುವವರೆಲ್ಲರೂ ಮೊದಲು ಹುಡುಕುವುದು ಕ್ರಮಸಂಖ್ಯೆಯನ್ನು.

ಸಂಖ್ಯೆಯ ಮೂಲಕ ಹುಟ್ಟನ್ನು ಹೇಳುವುದು ನಮಗೆ ಹೊಸದಲ್ಲ. ನಿಮ್ಮ ಜೇಬಿನಲ್ಲಿರುವ ನಾಣ್ಯವನ್ನು ತೆಗೆದು ನೋಡಿರಿ. ಇಸವಿಯ ಕೆಳಗೆ ಚಿಕ್ಕ ನಕ್ಷತ್ರವಿದ್ದರೆ ಅದು ಹೈದರಾಬಾದಿನ ಟಂಕಸಾಲೆಯದು; ವಜ್ರದ ಆಕಾರವಿದ್ದರೆ ಮುಂಬಯಿಯದು; ಚುಕ್ಕೆಯಿದ್ದರೆ ನೋಯ್ಡಾದ್ದು; ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತೆಯದು. ಗುರುತು ಚಿಕ್ಕದು, ಆದರೆ ಬಲ್ಲವನಿಗೆ ಅದೇ ಜಾತಕ. ಗಿಟಾರಿನಲ್ಲಿಯೂ ಹೀಗೆಯೇ.

ಫೆಂಡರ್ ವಾದ್ಯಗಳ ಸಂಖ್ಯೆಯನ್ನು ಐವತ್ತರ ದಶಕದ ಮಧ್ಯದಿಂದ ಬೆನ್ನಿನ ಕಡೆ, ಕತ್ತನ್ನು ಒಡಲಿಗೆ ಬಿಗಿಯುವ ನಾಲ್ಕು ತಿರುಪಿನ ಲೋಹದ ತಗಡಿನ ಮೇಲೆ ಒತ್ತುತ್ತಿದ್ದರು. ೧೯೭೬ರಿಂದ ಅದು ತಲೆಭಾಗಕ್ಕೆ ಏರಿತು, ಅದರೊಡನೆ ಒಂದು ಅಕ್ಷರವೂ ಬಂದಿತು. ಎಸ್ ಎಂದರೆ ಎಪ್ಪತ್ತರ ದಶಕ, ಇ ಎಂದರೆ ಎಂಬತ್ತರದು, ಎನ್ ಎಂದರೆ ತೊಂಬತ್ತರದು, ಜೆಡ್ ಎಂದರೆ ೨೦೦೦ದ ನಂತರದ ದಶಕ. ಅಕ್ಷರದ ಪಕ್ಕದ ಮೊದಲ ಅಂಕಿಯು ಆ ದಶಕದಲ್ಲಿನ ವರ್ಷ. ಎನ್ ೪ ಎಂದರೆ ಸುಮಾರಾಗಿ ೧೯೯೪. ಇವೆಲ್ಲವೂ ಅಮೆರಿಕದಲ್ಲಿ ತಯಾರಾದವು. ಅದೇ ಸಂಸ್ಥೆಯವರು ಮೆಕ್ಸಿಕೋ ದೇಶದ ಎನ್ಸೆನಾಡಾ ಊರಿನಲ್ಲಿ ೧೯೮೭ರಲ್ಲಿ ಇನ್ನೊಂದು ಕಾರ್ಖಾನೆಯನ್ನು ತೆರೆದರು. ಅಲ್ಲಿಯ ವಾದ್ಯಗಳಿಗೆ ಮುಂದೆ ಎಂ ಎಂಬ ಅಕ್ಷರವನ್ನು ಸೇರಿಸಿದರು. ಎಂಎನ್ ೪ ಎಂದರೆ ಮೆಕ್ಸಿಕೋ, ೧೯೯೪. ವಾದ್ಯ ಒಳ್ಳೆಯದೇ, ಬೆಲೆ ಮಾತ್ರ ಅಮೆರಿಕದ್ದಕ್ಕಿಂತ ಬಹಳ ಕಡಿಮೆ. ಈ ಒಂದು ಅಕ್ಷರವನ್ನು ನೆನಪಿನಲ್ಲಿಡಿರಿ.

ಗಿಬ್ಸನ್ ಸಂಸ್ಥೆಯವರ ಕ್ರಮವು ಲೆಕ್ಕದ ಪಾಠಕ್ಕೆ ಒದಗುವಂತಹುದು. ೧೯೭೭ರಿಂದ ಬಹುಕಾಲ ಅವರದು ಎಂಟು ಅಂಕಿಗಳ ಸಂಖ್ಯೆಯಾಗಿತ್ತು. ಮೊದಲನೆಯ ಮತ್ತು ಐದನೆಯ ಅಂಕಿಗಳನ್ನು ಕೂಡಿಸಿ ಓದಿದರೆ ವರ್ಷ. ಎರಡು, ಮೂರು, ನಾಲ್ಕನೆಯ ಅಂಕಿಗಳು ಆ ವರ್ಷದ ಎಷ್ಟನೆಯ ದಿನವೆಂಬುದನ್ನು ಹೇಳುತ್ತವೆ. ಕೊನೆಯ ಮೂರು ಅಂಕಿಗಳು ಆ ದಿನದ ಸಾಲಿನಲ್ಲಿ ವಾದ್ಯದ ಸ್ಥಾನ. ೮೦೪೫೩೬೧೨ ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿರಿ. ಮೊದಲನೆಯದು ೮, ಐದನೆಯದು ೩, ಆದುದರಿಂದ ೧೯೮೩. ನಡುವಿನದು ೦೪೫; ಜನವರಿಯ ೩೧ ದಿನ ಕಳೆದರೆ ಉಳಿಯುವುದು ೧೪; ಆದುದರಿಂದ ಫೆಬ್ರವರಿ ೧೪. ಆ ಕಾಲದಲ್ಲಿ ಕಲಮಜೂ ಕಾರ್ಖಾನೆಗೆ ೪೯೯ರವರೆಗಿನ ಸ್ಥಾನಗಳೂ, ನಾಶ್‌ವಿಲ್ ಕಾರ್ಖಾನೆಗೆ ೫೦೦ರಿಂದ ಮೇಲಿನ ಸ್ಥಾನಗಳೂ ಮೀಸಲಾಗಿದ್ದುವು. ಆದುದರಿಂದ ೬೧೨ ನಾಶ್‌ವಿಲ್ಲಿನದು. ಇನ್ನೊಂದು ಪ್ರಶ್ನೆ: ನಡುವಿನ ಮೂರು ಅಂಕಿಗಳು ೪೧೨ ಎಂದಿದ್ದರೆ? ವರ್ಷಕ್ಕೆ ೩೬೬ ದಿನಗಳಿಗಿಂತ ಹೆಚ್ಚಿಲ್ಲ. ಈ ಕ್ರಮದಲ್ಲಿ ಅಂತಹ ಸಂಖ್ಯೆ ಇರಲಾರದು. ಸುಳ್ಳನ್ನು ಹಿಡಿಯಲು ಕೆಲವೊಮ್ಮೆ ಮೂರನೆಯ ತರಗತಿಯ ಲೆಕ್ಕವೇ ಸಾಕು.

ರಿಕನ್‌ಬ್ಯಾಕರ್ ಸಂಸ್ಥೆಯವರು ೧೯೬೧ರಿಂದ ೧೯೮೬ರವರೆಗೆ ಇಂಗ್ಲಿಷಿನ ೨೬ ಅಕ್ಷರಗಳನ್ನೇ ೨೬ ವರ್ಷಗಳಿಗೆ ಹಂಚಿದರು. ಎ ಎಂದರೆ ೧೯೬೧, ಜೆಡ್ ಎಂದರೆ ೧೯೮೬. ಎರಡನೆಯ ಅಕ್ಷರವು ತಿಂಗಳು. ಎ ಜನವರಿ, ಎಲ್ ಡಿಸೆಂಬರ್. ಬಿಸಿ ಎಂದಿದ್ದರೆ ಯಾವ ವರ್ಷ, ಯಾವ ತಿಂಗಳು? ಮುಂದಿನ ಸಾಲಿನ ಹುಡುಗಿ ಆಗಲೇ ೧೯೬೨ರ ಮಾರ್ಚಿ ಎಂದುಬಿಟ್ಟಳು. ಸರಿಯಾಗಿದೆ.

ಇಷ್ಟು ಕೇಳಿದವರು ಸಂಖ್ಯೆಯನ್ನು ನೋಡಿದರೆ ಎಲ್ಲವೂ ತಿಳಿದಂತೆಯೇ ಎಂದುಕೊಳ್ಳಬಹುದು. ಇಲ್ಲಿಯೇ ಎಚ್ಚರಿಕೆ ಬೇಕು. ಮೂರು ತೊಡಕುಗಳಿವೆ.

ಮೊದಲನೆಯ ತೊಡಕು, ನಿಯಮ ಬದಲಾಗುತ್ತದೆ. ನಮ್ಮ ವಾಹನಗಳನ್ನೇ ನೋಡಿರಿ. ಹಿಂದೆ ಎಪಿ ೦೨ ಎಂದಿದ್ದರೆ ಅನಂತಪುರ ಜಿಲ್ಲೆಯ ಗಾಡಿಯೆಂದು ಹಳ್ಳಿಯ ಹುಡುಗನೂ ಹೇಳುತ್ತಿದ್ದನು. ೨೦೧೯ರಲ್ಲಿ ಇಡೀ ರಾಜ್ಯಕ್ಕೆ ಎಪಿ ೩೯ ಎಂಬ ಒಂದೇ ಸಂಕೇತ ಬಂದಿತು. ಆ ಫಲಕವನ್ನು ನೋಡಿ ಜಿಲ್ಲೆಯನ್ನು ಹೇಳಲಾಗದು. ೨೦೨೨ರ ಏಪ್ರಿಲಿನಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಹಳೆಯ ಎಪಿ ೦೨ ಗಾಡಿಗಳು ಎರಡು ಕಡೆಯೂ ಓಡಾಡುತ್ತಿವೆ. ಅಂಕಿ ಅದೇ, ಅರ್ಥ ಬೇರೆ. ಗಿಟಾರಿನ ಅಂಕಿಗಳೂ ಹೀಗೆಯೇ. ಫೆಂಡರಿನ ಇ ೪ ಎಂಬ ಸಾಲು ನಿಯಮದಂತೆ ೧೯೮೪ರದಾಗಬೇಕು. ಆದರೆ ೧೯೮೫ರಲ್ಲಿ ಸಂಸ್ಥೆ ಕೈ ಬದಲಾದ ಆ ದಿನಗಳಲ್ಲಿ ಅದೇ ಸಾಲಿನ ಅಂಕಿಗಳು ೧೯೮೭ರವರೆಗೂ ಬಳಕೆಯಾದುವು. ಅದಕ್ಕೂ ಹಿಂದೆ, ತಗಡಿನ ಮೇಲೆ ಅಂಕಿಯಿದ್ದ ಕಾಲದಲ್ಲಿ, ಕೆಲಸಗಾರರು ಡಬ್ಬಿಯೊಳಗೆ ಕೈಹಾಕಿ ಸಿಕ್ಕಿದ ತಗಡನ್ನು ಬಿಗಿಯುತ್ತಿದ್ದರು. ಅಂಕಿಗಳ ಸಾಲಿನಂತೆ ವಾದ್ಯಗಳ ಸಾಲಿರಲಿಲ್ಲ.

ಎರಡನೆಯ ತೊಡಕು, ಅದೇ ಸಂಖ್ಯೆ ಮರಳಿ ಬರುತ್ತದೆ. ನಮ್ಮ ಶಾಲೆಯಲ್ಲಿ ೨೦೧೩ರಲ್ಲಿ ಹುಟ್ಟಿದ ಮಕ್ಕಳಿದ್ದಾರೆ. ಅವರಲ್ಲಿ ಯುಗಾದಿಯ ನಂತರ ಹುಟ್ಟಿದವರದು ವಿಜಯ ಸಂವತ್ಸರ. ಅವರ ಅಜ್ಜಂದಿರಲ್ಲಿ ೧೯೫೩ರ ಯುಗಾದಿಯ ನಂತರ ಹುಟ್ಟಿದವರಿದ್ದರೆ ಅವರದೂ ವಿಜಯ ಸಂವತ್ಸರವೇ. ಸಂವತ್ಸರದ ಹೆಸರನ್ನು ಮಾತ್ರ ಕೇಳಿ ವಯಸ್ಸು ಹೇಳಹೊರಟರೆ ಅಜ್ಜನನ್ನೂ ಮೊಮ್ಮಗನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಬೇಕಾದೀತು! ಅರವತ್ತು ವರ್ಷಗಳ ಚಕ್ರದಲ್ಲಿ ಹೆಸರು ಮರಳಿ ಬರುವುದರಿಂದಲೇ ನಮ್ಮ ಶಾಸನಗಳಲ್ಲಿ ಸಂವತ್ಸರದೊಡನೆ ಶಕವರ್ಷವನ್ನೂ, ಮಾಸ ತಿಥಿ ವಾರಗಳನ್ನೂ, ಆಳುತ್ತಿದ್ದ ಅರಸನ ಹೆಸರನ್ನೂ ಕೆತ್ತುತ್ತಿದ್ದರು. ಶಕವರ್ಷ ೧೪೫೫, ವಿಜಯ ಸಂವತ್ಸರ ಎಂದರೆ ಕ್ರಿ. ಶ. ೧೫೩೩-೩೪. ಆಗ ಆಳುತ್ತಿದ್ದವನು ೧೫೨೯ರಿಂದ ೧೫೪೨ರವರೆಗೆ ವಿಜಯನಗರದ ಸಿಂಹಾಸನದಲ್ಲಿದ್ದ ಅಚ್ಯುತದೇವರಾಯ. ನಮ್ಮ ಪಕ್ಕದ ಲೇಪಾಕ್ಷಿಯ ಗುಡಿ ಬೆಳೆದುದು ಅವನ ಕಾಲದಲ್ಲಿಯೇ. ವರ್ಷ, ಸಂವತ್ಸರ, ಅರಸ ಮೂರೂ ಹೊಂದಿದವು. ಇನ್ನು ಸಂಶಯಕ್ಕೆ ಎಡೆ ಕಡಿಮೆ. ಗಿಬ್ಸನ್ ಕಾರ್ಖಾನೆಯಲ್ಲಿ ಅರವತ್ತರ ದಶಕದಲ್ಲಿ ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳ ವಾದ್ಯಗಳಿಗೆ ಒತ್ತಿಬಿಟ್ಟರು. ಅಲ್ಲಿ ಸಂಖ್ಯೆಯೊಂದನ್ನೇ ಹಿಡಿದು ಹೋದವನಿಗೆ ಸಂವತ್ಸರದ ಹೆಸರನ್ನು ಮಾತ್ರ ಕೇಳಿದವನ ಗತಿಯೇ ಆಗುತ್ತದೆ.

ಹಾಗಾದರೆ ಬೇರೆ ಸಾಕ್ಷಿಗಳಾವುವು? ಫೆಂಡರ್ ಗಿಟಾರಿನ ಕತ್ತನ್ನು ಬಿಚ್ಚಿದರೆ ಅದರ ಬುಡದಲ್ಲಿ ಅನೇಕ ವೇಳೆ ತಯಾರಾದ ತಾರೀಖು ಸೀಸದ ಕಡ್ಡಿಯಿಂದ ಬರೆದೋ ಮುದ್ರೆಯಾಗಿಯೋ ಇರುತ್ತದೆ. ಧ್ವನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯ ಕೆಳಗಿರುವ ಲೋಹದ ಡಬ್ಬಿಯ ಬೆನ್ನಿನಲ್ಲಿಯೂ ಅಂಕಿಗಳಿರುತ್ತವೆ. ೧೩೭೬೬೧೨ ಎಂದಿದ್ದರೆ ೧೩೭ ಎಂಬುದು ಸಿಟಿಎಸ್ ಎಂಬ ತಯಾರಕರ ಗುರುತು, ೬೬ ಎಂಬುದು ೧೯೬೬, ೧೨ ಎಂಬುದು ಆ ವರ್ಷದ ಹನ್ನೆರಡನೆಯ ವಾರ. ಈ ಗುಂಡಿಯಿರುವ ಗಿಟಾರು, ಗುಂಡಿ ಮೂಲದ್ದೇ ಆಗಿದ್ದರೆ, ಆ ವಾರಕ್ಕಿಂತ ಮೊದಲು ಹುಟ್ಟಿರಲಾರದು. ಎಷ್ಟು ತಡವಾಗಿ ಹುಟ್ಟಿತೆಂಬುದನ್ನು ಮಾತ್ರ ಗುಂಡಿ ಹೇಳದು. ಫೆಂಡರಿನವರು ೧೯೬೬ರ ಗುಂಡಿಗಳನ್ನು ರಾಶಿಯಾಗಿ ಕೊಂಡಿಟ್ಟು ಹಲವು ವರ್ಷ ಬಳಸಿದರು. ಹೊಸ ಮನೆಗೆ ಹಳೆಯ ಬಾಗಿಲನ್ನು ಹಾಕುವುದುಂಟು. ಬಾಗಿಲನ್ನು ನೋಡಿ ಮನೆ ಹಳೆಯದೆನ್ನಬಾರದು. ಆದರೆ ಬಾಗಿಲು ಹೊಸದಾಗಿದ್ದು ಮನೆಯವರು ನೂರು ವರ್ಷದ ಮನೆಯೆಂದರೆ, ಬಾಗಿಲು ಯಾವಾಗ ಬದಲಾಯಿತೆಂದು ಕೇಳಲೇಬೇಕು.

ಮೂರನೆಯ ತೊಡಕು ಎಲ್ಲಕ್ಕಿಂತ ಕೆಟ್ಟದ್ದು. ಅಂಕಿಯನ್ನು ಮನುಷ್ಯನು ಬೇಕೆಂದೇ ಕೆಡಿಸುತ್ತಾನೆ. ಇದೂ ಹೊಸದಲ್ಲ. ಗಂಗ ಅರಸರ ಹೆಸರಿನ ತಾಮ್ರಶಾಸನಗಳನ್ನು ಪರೀಕ್ಷಿಸಿದ ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸರು ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದು, ಎಂದರೆ ಯಾರೋ ಭೂಮಿಯ ಆಸೆಗೆ ಹಿಂದಿನ ಅರಸನ ಹೆಸರಿನಲ್ಲಿ ಬರೆಸಿಕೊಂಡವೆಂದು ವಾದಿಸಿದರು. ಮೈಸೂರಿನ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರಿಗೆ ಇದು ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ; ಇಬ್ಬರಿಗೂ ಬಹುಕಾಲ ಚರ್ಚೆ ನಡೆಯಿತು. ಆ ಚರ್ಚೆಯಿಂದ ಕಲಿಯಬೇಕಾದುದು ಪರೀಕ್ಷೆಯ ಕ್ರಮವನ್ನು. ತಗಡು ಹೇಳುವ ವರ್ಷಕ್ಕೂ ಅಕ್ಷರಗಳ ರೂಪಕ್ಕೂ ಹೊಂದಿಕೆಯಿದೆಯೇ? ಹೇಳಿದ ತಿಥಿಯಂದು ಹೇಳಿದ ವಾರ ಬರುತ್ತದೆಯೇ? ಒಂದು ಸಾಕ್ಷಿ ಸುಳ್ಳು ಹೇಳಬಹುದು; ನಾಲ್ಕು ಸಾಕ್ಷಿಗಳಿಗೆ ಒಂದೇ ಸುಳ್ಳನ್ನು ಕಲಿಸುವುದು ಕಷ್ಟ.

ಈಗ ಆ ಮಳೆಗಾಲದ ಸಂಜೆಗೆ ಬರೋಣ. ಹುಡುಗ ಗಿಟಾರನ್ನು ನಮ್ಮ ಮೇಜಿನ ಮೇಲೆ ಮಲಗಿಸಿದನು. ತಲೆಭಾಗದಲ್ಲಿ ಎನ್ ೮ ಎಂದು ಆರಂಭವಾಗುವ ಸಂಖ್ಯೆ ಸ್ಪಷ್ಟವಾಗಿತ್ತು. ನಾವು ಹೇಮಾವತಿಯಲ್ಲಿ, ನೊಳಂಬರ ರಾಜಧಾನಿಯಾಗಿದ್ದ ಆ ಹಳೆಯ ಹೆಂಜೇರಿನಲ್ಲಿ, ಸವೆದ ಕಲ್ಲನ್ನು ಓದುವಾಗ ಮಾಡುವುದನ್ನೇ ಮಾಡಿದೆವು. ದೀಪವನ್ನು ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆವು. ನೇರ ಬೆಳಕಿನಲ್ಲಿ ಕಾಣದ ಗೀರು ಓರೆ ಬೆಳಕಿನಲ್ಲಿ ನೆರಳಾಗಿ ಏಳುತ್ತದೆ. ಎನ್ ಅಕ್ಷರದ ಎಡಕ್ಕೆ, ಒಂದು ಅಕ್ಷರದಷ್ಟು ಅಗಲದ ಜಾಗದಲ್ಲಿ, ಮೆರುಗು ಸತ್ತು ಮಂಕಾಗಿತ್ತು. ತಯಾರಾದ ದೇಶವನ್ನು ಬರೆಯುವ ಕೆಳಗಿನ ಸಾಲಿನಲ್ಲಿಯೂ ಅದೇ ಮಂಕು. ಯಾರೋ ನುಣುಪಾದ ಉಜ್ಜುಕಾಗದದಿಂದ ಮೆಲ್ಲಗೆ ಉಜ್ಜಿದ್ದರು.

ಆದರೂ ಒಂದು ಸಾಕ್ಷಿಯ ಮೇಲೆ ತೀರ್ಪು ಕೊಡಬಾರದಷ್ಟೆ. 'ವೀಣೆಯ ಮೆಟ್ಟಿಲುಗಳಂತೆ ಇದರಲ್ಲಿಯೂ ಇವೆಯಲ್ಲ, ಎಣಿಸು' ಎಂದೆವು. ಎಣಿಸಿದನು, ೨೧. ಆ ವರ್ಷಗಳ ಅಮೆರಿಕದ ಸಾಮಾನ್ಯ ಮಾದರಿಯ ಸ್ಟ್ರಾಟೊಕಾಸ್ಟರಿಗೆ ೨೨ ಮೆಟ್ಟಿಲು. ಮೆಕ್ಸಿಕೋದ ಸಾಮಾನ್ಯ ಮಾದರಿಗೆ ೨೧. ತಂತಿಗಳನ್ನು ಕಟ್ಟುವ ಕುದುರೆಯನ್ನು ಅಮೆರಿಕದ್ದರಲ್ಲಿ ಎರಡು ಕಂಬಗಳ ಮೇಲೆ ನಿಲ್ಲಿಸಿರುತ್ತಾರೆ; ಮೆಕ್ಸಿಕೋದ್ದರಲ್ಲಿ ಆರು ತಿರುಪುಗಳಿಂದ ಬಿಗಿದಿರುತ್ತಾರೆ. ಇದರಲ್ಲಿ ಆರು ತಿರುಪು. ಈ ವಿವರಗಳನ್ನು ಹುಡುಗನೇ ಕೇಳಿ ತಿಳಿದುಕೊಂಡು ಬಂದಿದ್ದನು; ಆದರೆ ಎಣಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ. ಮುಂದಿನ ವಾರ ಬೆಂಗಳೂರಿನಲ್ಲಿ ವಾದ್ಯ ರಿಪೇರಿ ಮಾಡುವವರೊಬ್ಬರು ಕತ್ತನ್ನು ಬಿಚ್ಚಿ ನೋಡಿದರು. ಬುಡದಲ್ಲಿ ೧೯೯೮ರ ತಾರೀಖಿನ ಮುದ್ರೆಯಿತ್ತು. ವ್ಯಾಪಾರಿ ಹೇಳಿದ ವರ್ಷ ನಿಜ, ಊರು ಸುಳ್ಳು. ಎಂಎನ್ ೮ ಎಂಬುದರಲ್ಲಿ ಎಂ ಅಕ್ಷರವನ್ನು ಅಳಿಸಿ, ಅರ್ಧ ಬೆಲೆಯ ವಾದ್ಯವನ್ನು ಪೂರ್ಣ ಬೆಲೆಗೆ ಮಾರಿದ್ದರು. ಒಂದು ಅಕ್ಷರದ ಬೆಲೆ ಸುಮಾರು ಮೂವತ್ತು ಸಾವಿರ ರೂಪಾಯಿ, ಒಬ್ಬ ತಾಯಿಯ ಕೈಬಳೆಗಳು. ವ್ಯಾಪಾರಿಯನ್ನು ಕೇಳಿದರೆ, ಮಾರಿದ ಮಾಲನ್ನು ತಿರುಗಿ ಪಡೆಯುವುದಿಲ್ಲವೆಂದನಂತೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಕೊಳ್ಳುವಾಗ ಎಚ್ಚರವಿರಲಿ ಎಂಬಷ್ಟನ್ನು ಹೇಳಿ ಕುಳಿತುಬಿಡುತ್ತಿದ್ದೆವು. ಮುಗಿಯಲಿಲ್ಲ. ಎರಡು ತಿಂಗಳ ಮೇಲೆ ಇನ್ನೊಂದು ಆರ್ಕೆಸ್ಟ್ರಾದ ಯುವಕನೊಬ್ಬನು ಅದನ್ನು ನೋಡಿ, ತಲೆಭಾಗದ ಸಂಖ್ಯೆಯನ್ನು ಓದಿ, ತಾನಾಗಿಯೇ ೭೦ ಸಾವಿರ ಕೊಡುತ್ತೇನೆಂದು ಮುಂದೆ ಬಂದನು. ಇತ್ತ ಒತ್ತೆಯ ಬಡ್ಡಿ ಬೆಳೆಯುತ್ತಿತ್ತು, ಆ ವರ್ಷ ಕಡಲೆಕಾಯಿ ಕೈಕೊಟ್ಟಿತ್ತು. ಹುಡುಗ ಮತ್ತೆ ನಮ್ಮ ಬಳಿಗೆ ಬಂದು, 'ಸಾರ್, ನಾನಾಗಿ ಏನೂ ಸುಳ್ಳು ಹೇಳಿಲ್ಲ. ಅವನೇ ಓದಿಕೊಂಡು ಕೇಳುತ್ತಿದ್ದಾನೆ. ಸುಮ್ಮನಿದ್ದರೆ ತಪ್ಪೇ?' ಎಂದು ಕೇಳಿದನು.

ತಾಯ್ತಂದೆಗಳೇ, ಇಪ್ಪತ್ತು ವರ್ಷ ಪಾಠ ಹೇಳಿದವರೆಂದು ನಾವು ಕೂಡಲೇ ಉತ್ತರ ಕೊಟ್ಟೆವೆಂದು ತಿಳಿಯಬೇಡಿರಿ. ಆ ಬಳೆಗಳು ನೆನಪಿಗೆ ಬಂದು ಒಂದು ಕ್ಷಣ ನಾವೂ ಸುಮ್ಮನಿದ್ದೆವು. 'ಯೋಚಿಸಿ ನಾಳೆ ಹೇಳುತ್ತೇವೆ, ಬಾರಪ್ಪ' ಎಂದು ಕಳುಹಿಸಿದೆವು. ಅದು ನಮ್ಮ ದೌರ್ಬಲ್ಯ. ಅವನು ಮರುದಿನ ಬರಲಿಲ್ಲ. ವಾರದ ಮೇಲೆ ಅವನ ತಂದೆ ಹಿಂದೂಪುರಕ್ಕೆ ಬಂದವರು ನಮ್ಮ ಮನೆಗೂ ಬಂದರು. ನಾವು ಸಂಕೋಚದಿಂದಲೇ ವಿಷಯವೆತ್ತಿದೆವು. ಅವರು ಹೇಳಿದರು: 'ಮಣ್ಣು ಬೆರೆಸಿದ ಕಾಯಿಯ ಮೂಟೆ ನಮ್ಮ ತಲೆಗೆ ಬಿತ್ತು ಸ್ವಾಮಿ. ಅದನ್ನ ಇನ್ನೊಬ್ಬನ ತಲೆಗೆ ಕಟ್ಟೋದು ಬೇಡ ಅಂತ ಹುಡುಗ ಅಂದ. ಅವನ ತಾಯೀನೂ ಆಗಲಿ ಅಂದಳು. ನಾನು ಬೇಡ ಅನ್ನೋಕೆ ಯಾರು?' ಹುಡುಗನು ಆ ಯುವಕನಿಗೆ ಓರೆ ಬೆಳಕಿನಲ್ಲಿ ಗೀರನ್ನು ತೋರಿಸಿ, ಮೆಟ್ಟಿಲುಗಳನ್ನು ಎಣಿಸಿ ತೋರಿಸಿದ್ದನು. ಯುವಕನು ವಂದನೆ ಹೇಳಿ ಕೊಳ್ಳದೆ ಹೋದನು.

ಬಳೆಗಳು ಮನೆಗೆ ಬರಲು ಆಮೇಲೆ ಎರಡು ಮದುವೆಯ ಕಾಲಗಳು ಬೇಕಾದುವು. ಆ ಗಿಟಾರನ್ನೇ ನುಡಿಸಿ ಅವನು ಸಾಲ ತೀರಿಸಿದನು. ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿಯನ್ನು ಅಂಟಿಸಿದ್ದಾನೆ. ನಾವು ನೋಡಿದ್ದೇವೆ. ಕನ್ನಡದಲ್ಲಿಯೇ ಬರೆದಿದ್ದಾನೆ: ಮೆಕ್ಸಿಕೋ, ೧೯೯೮, ಎಂ ಅಕ್ಷರ ಅಳಿಸಲಾಗಿದೆ. ತನ್ನ ಕಾಲದ ನಂತರ ಅದು ಯಾರ ಕೈಗೆ ಹೋದರೂ ನಿಜ ತಿಳಿದಿರಲೆಂದು. ಸ್ವಲ್ಪ ಹೊತ್ತಿನಲ್ಲಿ ಪ್ರಾರ್ಥನಾ ಗೀತೆಗಳಿಗೆ ನೀವು ಕೇಳಲಿರುವ ಗಿಟಾರು ಅದೇ. ಎನ್ಸೆನಾಡಾದ ಕೆಲಸಗಾರರು ಅದನ್ನು ಶ್ರದ್ಧೆಯಿಂದಲೇ ಮಾಡಿದ್ದಾರೆ. ಅದರ ನಾದಕ್ಕೆ ಯಾವ ಕೊರತೆಯೂ ಇಲ್ಲ. ಹುಟ್ಟಿದ ಊರನ್ನು ಹೇಳಿಕೊಳ್ಳಲು ಅದಕ್ಕೆ ನಾಚಿಕೆಯಿರಲಿಲ್ಲ. ನಾಚಿಕೆಯ ಕೆಲಸ ಮಾಡಿದುದು ಅಳಿಸಿದ ಕೈ. ಆಂಧ್ರದಲ್ಲಿದ್ದುಕೊಂಡು ಕನ್ನಡದಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ, ಇಂತಹ ಊರಿನವನು, ಇಂತಹ ಶಾಲೆಯವನು ಎಂದು ಹೇಳಿಕೊಳ್ಳಲು ಕೆಲವೊಮ್ಮೆ ಹಿಂಜರಿಕೆಯಾಗುವುದನ್ನು ಕಂಡಿದ್ದೇವೆ. ಅಂತಹವರು ಈ ವಾದ್ಯವನ್ನು ಒಮ್ಮೆ ಕೇಳಲಿ.

ಕೊನೆಯದಾಗಿ ತಾಯ್ತಂದೆಗಳಲ್ಲಿ ಒಂದು ಮಾತು. ಪ್ರತಿ ಜೂನ್ ತಿಂಗಳಲ್ಲಿ ಯಾರಾದರೊಬ್ಬರು ನಮ್ಮ ಕೊಠಡಿಗೆ ಬಂದು, ಮಗುವಿನ ಹುಟ್ಟಿದ ವರ್ಷವನ್ನು ದಾಖಲಾತಿ ಪುಸ್ತಕದಲ್ಲಿ ಒಂದಂಕಿ ಅತ್ತಿತ್ತ ಮಾಡಿಕೊಡಿರೆಂದು ಕೇಳುವುದುಂಟು. ಮುಂದೆ ಸರಕಾರಿ ಕೆಲಸಕ್ಕೆ ಅನುಕೂಲವಾಗಲೆಂಬುದು ಅವರ ಆಸೆ. ಕೇಡಿನ ಎಣಿಕೆ ಇರುವುದಿಲ್ಲ. ನಾವು ಒಪ್ಪದಿದ್ದಾಗ, 'ಒಂದಂಕಿ ತಾನೆ ಸ್ವಾಮಿ' ಎನ್ನುತ್ತಾರೆ. ಹೌದು, ಒಂದೇ ಅಂಕಿ. ಆ ಗಿಟಾರಿನಲ್ಲಿಯೂ ಅಳಿಸಿದ್ದು ಒಂದೇ ಅಕ್ಷರ. ಆಸ್ಪತ್ರೆಯ ಪತ್ರ, ಊರಿನ ಜನನದ ಪುಸ್ತಕ, ವರ್ಗಾವಣೆ ಪತ್ರ, ಹೀಗೆ ಮಗುವಿಗೆ ಅನೇಕ ಸಾಕ್ಷಿಗಳಿರುತ್ತವೆ. ಎಂದೋ ಒಂದು ದಿನ ಯಾರೋ ಓರೆ ಬೆಳಕನ್ನು ಹಿಡಿಯುತ್ತಾರೆ. ಆಗ ಉತ್ತರ ಹೇಳಬೇಕಾದವರು ಅಂಕಿ ತಿದ್ದಿಸಿದ ತಂದೆಯೂ ಆಗಿರುವುದಿಲ್ಲ, ತಿದ್ದಿದ ಉಪಾಧ್ಯಾಯನೂ ಆಗಿರುವುದಿಲ್ಲ. ಏನೂ ಅರಿಯದ ಆ ಮಗುವಾಗಿರುತ್ತದೆ. ಆದುದರಿಂದ ಈ ಜೂನಿನಲ್ಲಿ ಆ ಮಾತನ್ನು ದಯವಿಟ್ಟು ನಮ್ಮ ಬಳಿಗೆ ತರಬೇಡಿರಿ. ಕೇಳಿ ಸುಮ್ಮನಿರುವ ದೌರ್ಬಲ್ಯ ನಮಗೂ ಉಂಟೆಂದು ಆಗಲೇ ಒಪ್ಪಿಕೊಂಡಿದ್ದೇವೆ.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ. ನಾಳೆ ಮನೆಯಲ್ಲಿರುವ ಯಾವುದಾದರೊಂದು ವಸ್ತುವಿನ ಮೇಲಿನ ಅಂಕಿಯನ್ನು, ಹೊಲಿಗೆ ಯಂತ್ರದ್ದಾಗಲಿ, ಗಡಿಯಾರದ್ದಾಗಲಿ, ಅಜ್ಜನ ರೇಡಿಯೋದ್ದಾಗಲಿ, ಬರೆದುಕೊಂಡು ಬನ್ನಿರಿ. ಅದರೊಡನೆ ಆ ವಸ್ತು ಯಾವಾಗ ಮನೆಗೆ ಬಂದಿತೆಂದು ಹಿರಿಯರನ್ನು ಕೇಳಿರಿ. ರಸೀತಿ ಇದ್ದರೆ ಹುಡುಕಿರಿ. ಅಂಕಿ, ಹಿರಿಯರ ಮಾತು, ರಸೀತಿ, ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಹೊಂದಿದರೆ ಸಂತೋಷ, ಹೊಂದದಿದ್ದರೆ ಏಕೆಂದು ತರಗತಿಯಲ್ಲಿ ವಿಚಾರಿಸೋಣ. ಚರಿತ್ರೆಯ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

 ಗಿಟಾರು ಕಾಯುತ್ತಿದೆ.